ಕಾಫಿ ಕೊಯ್ಲಿಗೂ ಫೀಸಿನ ತಾರೀಖಿಗೂ ನಡುವೆ

ಪಿಯುಸಿ ಪರೀಕ್ಷೆ ಮುಗಿದರೆ ಸಾಕು, ಕುಶಾಲನಗರದಿಂದ ಗೋಣಿಕೊಪ್ಪದವರೆಗೆ ಖಾಸಗಿ ವಿಶ್ವವಿದ್ಯಾಲಯಗಳ ಫ್ಲೆಕ್ಸ್‌ಗಳು ಏಳುತ್ತವೆ. ಎಲ್ಲದರಲ್ಲೂ ಅದೇ ಗಾಜಿನ ಕಟ್ಟಡ, ಲ್ಯಾಪ್‌ಟಾಪ್ ಹಿಡಿದು ನಗುವ ನಾಲ್ಕು ಮಂದಿ, ಲಕ್ಷಗಳಲ್ಲಿ ಒಂದು ಪ್ಯಾಕೇಜ್. ಹೆಸರು ಮುಚ್ಚಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ.

ಕೊಡಗಿನಲ್ಲಿ ಖಾಸಗಿ ವಿ.ವಿ. ಒಂದೂ ಇಲ್ಲ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಎಂಜಿನಿಯರಿಂಗ್ ಕಾಲೇಜು, ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇವೆ. ಚಿಕ್ಕಅಳುವಾರದಲ್ಲಿ 2023ರಲ್ಲಿ ಶುರುವಾದ ಕೊಡಗು ವಿಶ್ವವಿದ್ಯಾಲಯ ಸರ್ಕಾರದ್ದು. ಎರಡೇ ವರ್ಷದಲ್ಲಿ ಅದನ್ನೂ ಮುಚ್ಚುವ ಮಾತು ಸಂಪುಟ ಉಪಸಮಿತಿಯಲ್ಲಿ ಬಂತು. ಹೀಗಾಗಿ ನಮ್ಮಲ್ಲಿ ಬಹಳಷ್ಟು ಮಂದಿ ಮೈಸೂರು, ಮಂಗಳೂರು, ಬೆಂಗಳೂರಿನ ಬಸ್ ಹತ್ತುತ್ತೇವೆ. ರೈಲಂತೂ ಜಿಲ್ಲೆಗೆ ಬಂದಿಲ್ಲ.

ನಾನು ಬೆಂಗಳೂರಿನ ಒಂದು ಖಾಸಗಿ ವಿ.ವಿ.ಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಅದರಲ್ಲೇನು ವಿಶೇಷ ಎಂದು ಊರಿನವರು ಕೇಳಿದಾಗ ಕ್ಯಾಂಪಸ್, ಲೈಬ್ರರಿ ಎಂದು ಶುರುಮಾಡುತ್ತಿದ್ದೆ. ಈಗ ಮೊದಲು ಹೇಳುವುದು ಅಲ್ಲಿನ ಫೀಸು ಕೌಂಟರಿನ ಬಗ್ಗೆ. ನಮ್ಮದು ಮೂರು ಎಕರೆ ತೋಟ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ, ರೊಬಸ್ಟಾ ಜನವರಿಗೆ. ಒಣಗಿಸಿ, ಮಾರಿ ಕೈಗೆ ದುಡ್ಡು ಬರುವಾಗ ಫೆಬ್ರುವರಿ, ಮಾರ್ಚ್. ಫೀಸಿನ ತಾರೀಖು ಮಾತ್ರ ಜುಲೈ, ಅಂದರೆ ತೋಟದ ಮನೆಗಳಲ್ಲಿ ಕೈ ಬರಿದಾಗಿರುವ ಮಳೆಗಾಲ. ಸಂಬಳದ ಮನೆಯವರಿಗೆ ಇದು ಅರ್ಥವಾಗುವುದು ಸ್ವಲ್ಪ ಕಷ್ಟ. ಅಪ್ಪ ಒಂದು ಅರ್ಜಿ ಬರೆದುಕೊಟ್ಟರು. ಅರ್ಧ ಜುಲೈನಲ್ಲಿ, ಉಳಿದದ್ದು ಮಾರ್ಚ್‌ನಲ್ಲಿ ಕಟ್ಟಲು ಒಪ್ಪಿದರು. ದಂಡವಿಲ್ಲ, ಹಾಲ್ ಟಿಕೆಟ್ ತಡೆಹಿಡಿಯುವ ಬೆದರಿಕೆಯೂ ಇಲ್ಲ. ಆ ವರ್ಷ ನಾವು ಸಾಲ ಮಾಡಲಿಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತ್ತಲ್ಲ, ಆಗ ನಮ್ಮ ಊರಿನ ಅಕ್ಕ ಒಬ್ಬರು ಮಂಗಳೂರಿನಲ್ಲಿ ಓದುತ್ತಿದ್ದರು. ಮನೆಗೆ ಫೋನ್ ಹೋಗುತ್ತಿರಲಿಲ್ಲ. ಅದೇ ವಾರ ಇಂಟರ್ನಲ್ಸ್. ವಿಭಾಗದ ಮುಖ್ಯಸ್ಥರು ಕೊಡಗಿನ ವಿದ್ಯಾರ್ಥಿಗಳ ಪಟ್ಟಿ ಹಿಡಿದು ಒಬ್ಬೊಬ್ಬರನ್ನೂ ಕರೆದು ಮಾತಾಡಿಸಿದರಂತೆ, ಪರೀಕ್ಷೆ ಆಮೇಲೆ ಬರೆಯಿರಿ ಅಂದರಂತೆ. ಯಾರೂ ಕೇಳಿರಲಿಲ್ಲ. ಓದಿದ ವಿಷಯಗಳನ್ನು ಅರ್ಧ ಮರೆತಿರುವ ಆ ಅಕ್ಕ ಇದನ್ನು ಇವತ್ತಿಗೂ ಹೇಳುತ್ತಾರೆ.

ಇಂಥವು ಬ್ರೋಷರ್‌ನಲ್ಲಿ ಸಿಗುವುದಿಲ್ಲ, ಅಲ್ಲೇ ಓದುತ್ತಿರುವ ಎರಡನೇ ವರ್ಷದವರನ್ನು ಕೇಳಬೇಕು. ಮೊದಲ ವರ್ಷದವರು ಇನ್ನೂ ಹೊಸ ಉತ್ಸಾಹದಲ್ಲಿರುತ್ತಾರೆ, ಕೊನೆಯ ವರ್ಷದವರಿಗೆ ಪ್ಲೇಸ್‌ಮೆಂಟ್ ಬಿಟ್ಟು ಬೇರೆ ಮಾತಿಲ್ಲ (ನನ್ನನ್ನೂ ಸೇರಿಸಿ). ಪ್ಲೇಸ್‌ಮೆಂಟ್ ಕೇಳುವುದೇ ಆದರೆ ಅತಿ ದೊಡ್ಡ ಪ್ಯಾಕೇಜ್ ಎಷ್ಟು ಎಂದು ಕೇಳಬೇಡಿ, ಅದು ಒಬ್ಬರದು. ತರಗತಿಯ ನಡುವಿನ ಸಾಲಿನವರಿಗೆ ಎಷ್ಟು ಸಿಕ್ಕಿತು, ಎಷ್ಟು ಮಂದಿಗೆ ಸಿಗಲಿಲ್ಲ ಎಂದು ಕೇಳಿ.

ಫ್ಲೆಕ್ಸ್‌ನಲ್ಲಿ ಎಲ್ಲವೂ ‘ಯೂನಿವರ್ಸಿಟಿ’. ಒಳಗೆ ವ್ಯತ್ಯಾಸವಿದೆ. ಖಾಸಗಿ ವಿ.ವಿ. ಹುಟ್ಟುವುದು ರಾಜ್ಯದ ಶಾಸನದಿಂದ. ಡೀಮ್ಡ್ ಸ್ಥಾನ 1956ರ ಯುಜಿಸಿ ಕಾಯ್ದೆಯಡಿ ಕೇಂದ್ರದಿಂದ ಬರುತ್ತದೆ. ಮಣಿಪಾಲಕ್ಕೆ ಅದು 1993ರಲ್ಲಿ ಸಿಕ್ಕಿತು, 1880ರಲ್ಲಿ ಶುರುವಾದ ಮಂಗಳೂರಿನ ಸೇಂಟ್ ಅಲೋಶಿಯಸ್‌ಗೆ 2024ರಲ್ಲಷ್ಟೇ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2010ರ ರಾಜ್ಯ ಕಾಯ್ದೆಯಿಂದ ಬಂದದ್ದು. ಅಲ್ಲಿ ಕುಟುಂಬದ ಆದಾಯ ನೋಡಿ ಫೀಸಿನಲ್ಲಿ ನೆರವು ಕೊಡುತ್ತಾರೆ, ತೀರಾ ಕಷ್ಟದವರಿಗೆ ಪೂರ್ತಿ ಫೀಸಿಗೂ. ನನಗೆ ಯಾವ ಗಾಜಿನ ಕಟ್ಟಡಕ್ಕಿಂತಲೂ ಇದು ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ವಿಷಯ, ಸೇರುವವರು ಯಾರೂ ಯೋಚಿಸದೇ ಇರುವುದು: ಬಿಟ್ಟು ಹೋಗುವವರನ್ನು ಆ ಸಂಸ್ಥೆ ಹೇಗೆ ನಡೆಸಿಕೊಳ್ಳುತ್ತದೆ? ವಿದ್ಯಾರ್ಥಿಗಳ ಮೂಲ ಅಂಕಪಟ್ಟಿಯನ್ನು ಸಂಸ್ಥೆಗಳು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಸೀಟು ಬಿಟ್ಟರೆ ಫೀಸು ಮರಳಿಸುವುದಕ್ಕೂ ಅದರ ನಿಯಮಗಳಿವೆ. ನನ್ನ ತಂಗಿಗೆ ಈ ವರ್ಷ ದ್ವಿತೀಯ ಪಿಯುಸಿ. ಕಳೆದ ತಿಂಗಳು ಮಡಿಕೇರಿಯ ಶೈಕ್ಷಣಿಕ ಮೇಳದಲ್ಲಿ ಆರು ಸ್ಟಾಲ್‌ಗಳಲ್ಲಿ ಅವಳು ಇದನ್ನೇ ಕೇಳಿದಳು. ನಾಲ್ಕು ಕಡೆ ಪೆನ್ನು, ಚೀಲ ಕೊಟ್ಟು ಕಳಿಸಿದರು. ಎರಡು ಕಡೆ ನಿಯಮದ ಪ್ರತಿ ತೆಗೆದು ಓದಿ ತೋರಿಸಿದರು. ಆ ಎರಡರ ಹೆಸರು ಅವಳ ಪಟ್ಟಿಯಲ್ಲಿ ಮೇಲಿದೆ, ಇನ್ನು ಮಾರ್ಚ್ ಕಂತಿನ ಬಗ್ಗೆ ಕೇಳಬೇಕು.