ಕಿರುತೆರೆಯ ಪುರಾಣ ಮತ್ತು ಕಾರವಾರ-ಅಂಕೋಲೆಯ ಪ್ರೇಕ್ಷಕ

ಗ್ರಂಥಸ್ಥವಾದ ಕಥೆಯೊಂದು ದೂರದರ್ಶನದ ಧಾರಾವಾಹಿಯಾಗಿ ಮಾರ್ಪಟ್ಟಾಗ ಅದನ್ನು ಎಷ್ಟು ಜನ ನೋಡಿದರು ಎಂಬುದನ್ನು ಲೆಕ್ಕ ಹಾಕುವುದು ಸುಲಭ. ನೋಡಿದವರು ಅದನ್ನು ಯಾವ ಅಳತೆಗೋಲಿನಿಂದ ಅಳೆದರು ಎಂಬುದನ್ನು ಕಂಡುಕೊಳ್ಳುವುದು ಅಷ್ಟು ಸುಲಭವಲ್ಲ. ರಮಾನಂದ ಸಾಗರರ ‘ರಾಮಾಯಣ’ (1987-88) ಮತ್ತು ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ (1988-90) ಧಾರಾವಾಹಿಗಳ ಬಗ್ಗೆ ಉತ್ತರ ಕನ್ನಡದ ಕರಾವಳಿಯ ಉತ್ತರ ತುದಿಯ ಎರಡು ತಾಲ್ಲೂಕುಗಳಾದ ಕಾರವಾರ ಮತ್ತು ಅಂಕೋಲೆಗಳ ಜನ ಆಡಿಕೊಂಡ ಮಾತುಗಳ ಹಿನ್ನೆಲೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಾರುವ ರಥ, ಆಕಾಶದಲ್ಲಿ ಡಿಕ್ಕಿ ಹೊಡೆಯುವ ಬಾಣ, ರೂಪ ಬದಲಿಸುವ ರಾಕ್ಷಸ ಇವೆಲ್ಲವನ್ನೂ ಒಳಗೊಂಡ ಅದ್ಭುತ ಕಥೆಗಳು ಇಲ್ಲಿಯವರಿಗೆ ಹೊಸವಾಗಿರಲಿಲ್ಲ. ಪೆಟ್ಟಿಗೆ ಮಾತ್ರ ಹೊಸದು.

‘ರಾಮಾಯಣ’ದ ಪ್ರಸಾರ ಆರಂಭವಾದದ್ದು 1987ರ ಜನವರಿ 25ರಂದು. 78 ಸಂಚಿಕೆಗಳ ಬಳಿಕ ಮರುವರ್ಷದ ಜುಲೈ ಕೊನೆಗೆ ಅದು ಮುಗಿಯಿತು. ಅದೇ ವರ್ಷದ ಅಕ್ಟೋಬರ್ 2ರಂದು ಪ್ರಾರಂಭವಾದ ‘ಮಹಾಭಾರತ’ 94 ಸಂಚಿಕೆಗಳಲ್ಲಿ ಹಬ್ಬಿತು. ಅದರ ಸಂಭಾಷಣೆ ರಾಹಿ ಮಾಸೂಮ್ ರಜಾ ಅವರದು. ಎರಡೂ ಹಿಂದಿಯಲ್ಲಿದ್ದವು. ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದ ಮನೆಯ ಜಗಲಿಯಲ್ಲಿ ನೆರೆಕರೆಯವರೆಲ್ಲ ಕೂಡುತ್ತಿದ್ದರು.

ಭಾಷೆಯ ದೃಷ್ಟಿಯಿಂದ ಈ ಎರಡು ತಾಲ್ಲೂಕುಗಳು ಒಂದೇ ಬಗೆಯವಲ್ಲ. ಕಾರವಾರದ ಮನೆಮಾತು ಬಹುಮಟ್ಟಿಗೆ ಕೊಂಕಣಿ. 1956ರ ನವೆಂಬರ್‌ವರೆಗೂ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ ಮರಾಠಿಯ ಓದು, ಮರಾಠಿ ನಾಟಕದ ಹಾಡು ಅಲ್ಲಿನ ಹಿರಿಯರಿಗೆ ಪರಿಚಿತವಾಗಿದ್ದವು. ಗ.ದಿ. ಮಾಡಗೂಳಕರರು ಬರೆದು ಸುಧೀರ ಫಡಕೆಯವರು ಹಾಡಿದ ‘ಗೀತ ರಾಮಾಯಣ’ವನ್ನು ಪುಣೆ ಆಕಾಶವಾಣಿ 1955-56ರಲ್ಲಿ ವಾರಕ್ಕೊಂದು ಹಾಡಿನಂತೆ ಬಿತ್ತರಿಸಿತ್ತು. ವಾರವಾರವೂ ಕಾದು ರಾಮಕಥೆಯನ್ನು ಕೇಳುವ ಅಭ್ಯಾಸ ಮರಾಠಿ ಬಲ್ಲವರಿಗೆ ದೂರದರ್ಶನಕ್ಕಿಂತ ಮೂರು ದಶಕ ಹಿಂದೆಯೇ ಆಗಿತ್ತೆಂಬುದನ್ನು ಮರೆಯಬಾರದು. ಅವರಿಗೆ ಹಿಂದಿಯ ಸಂಸ್ಕೃತಭೂಯಿಷ್ಠ ಸಂಭಾಷಣೆ ತೊಡಕೆನಿಸಲಿಲ್ಲ. ಅಂಕೋಲೆಯ ಕಡೆಗೆ ಬಂದಂತೆ ಸ್ಥಿತಿ ಬೇರೆ. ಕನ್ನಡವನ್ನಷ್ಟೇ ಬಲ್ಲ ರೈತಾಪಿ ಕುಟುಂಬಗಳ ಪ್ರೇಕ್ಷಕರು ಮಾತನ್ನು ಬಿಟ್ಟು ಕಥೆಯನ್ನು ಹಿಡಿದರು. ಮಾತು ತಿಳಿಯದಿದ್ದರೂ ಮುಂದೇನು ನಡೆಯುತ್ತದೆಂಬುದು ಅವರಿಗೆ ಗೊತ್ತಿತ್ತು. ಶಾಲೆಗೆ ಹೋಗುವ ಮಕ್ಕಳು ಹಿಂದಿಯನ್ನು ವಿವರಿಸಿದರೆ, ಅಜ್ಜಿಯಂದಿರು ಪ್ರಸಂಗವನ್ನೇ ವಿವರಿಸುತ್ತಿದ್ದರು.

ಅವರಿಗೆ ಕಥೆ ತಿಳಿದದ್ದು ಪುಸ್ತಕದಿಂದಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಬೆಳಗಿನವರೆಗೆ ನಡೆಯುವ ಯಕ್ಷಗಾನ, ದೇವಸ್ಥಾನದ ಚಂದ್ರಶಾಲೆಯಲ್ಲೋ ಮನೆಯಂಗಳದಲ್ಲೋ ನಡೆಯುವ ತಾಳಮದ್ದಳೆ, ಇವು ಅವರ ಪಠ್ಯಗಳು. ಆದ್ದರಿಂದ ಗ್ರಂಥಕ್ಕೆ ಧಾರಾವಾಹಿ ನಿಷ್ಠವಾಗಿದೆಯೇ ಎಂಬ ವಿದ್ವಾಂಸರ ಪ್ರಶ್ನೆ ಇಲ್ಲಿ ಏಳಲಿಲ್ಲ. ಎದ್ದ ಪ್ರಶ್ನೆಗಳು ಬೇರೆ.

ಮೊದಲನೆಯದು ವೇಷಕ್ಕೆ ಸಂಬಂಧಿಸಿದ್ದು. ಬಡಗುತಿಟ್ಟಿನ ರಂಗಸ್ಥಳಕ್ಕೆ ಬಂದ ಪಾತ್ರದ ಸ್ವಭಾವವನ್ನು ಪ್ರೇಕ್ಷಕ ಮುಂಡಾಸು, ಕಿರೀಟ, ಮುಖದ ಬಣ್ಣಗಳಿಂದಲೇ ಊಹಿಸಬಲ್ಲ. ಕಿರುತೆರೆಯಲ್ಲಿ ಎಲ್ಲರಿಗೂ ಹೊಳೆಯುವ ಒಂದೇ ಮಾದರಿಯ ಕಿರೀಟ. ಯುದ್ಧಭೂಮಿಯಲ್ಲಿ ಯಾರು ಯಾರೆಂಬುದೇ ತಿಳಿಯದು ಎಂಬ ದೂರು ಸಾಮಾನ್ಯವಾಗಿತ್ತು. ಇದನ್ನು ಹಳ್ಳಿಗರ ಮುಗ್ಧತೆ ಎಂದು ತಳ್ಳಿಹಾಕುವುದು ಸಲ್ಲದು. ದೃಶ್ಯಭಾಷೆಯೊಂದರ ವ್ಯಾಕರಣ ಬಲ್ಲವರು ಮತ್ತೊಂದರ ವ್ಯಾಕರಣದೋಷವನ್ನು ಗುರುತಿಸಿದ ಬಗೆ ಇದು. ಬಾಣಗಳ ವಿಷಯದಲ್ಲಿ ಮಾತ್ರ ಅಭಿಪ್ರಾಯ ಭೇದವಿತ್ತು. ಎಳೆಯರಿಗೆ ತಂತ್ರದ ಬೆರಗು ಹಿಡಿಸಿತು. ಚೆಂಡೆಯ ಪೆಟ್ಟು ಮತ್ತು ಕುಣಿತದಿಂದ ಬಾಣದ ವೇಗವನ್ನು ಕಲ್ಪಿಸಿಕೊಂಡು ಬಂದ ಹಿರಿಯರಿಗೆ ಅದು ಬೇಗ ಸಪ್ಪೆಯಾಯಿತು.

ಎರಡನೆಯ ಪ್ರಶ್ನೆ ಹೆಚ್ಚು ಗಂಭೀರವಾದದ್ದು, ಅದು ಅರ್ಥಗಾರಿಕೆಯದು. ವಾಲಿವಧೆಯನ್ನೇ ತೆಗೆದುಕೊಳ್ಳಬಹುದು. ಮರೆಯಲ್ಲಿ ನಿಂತು ಹೊಡೆದುದೇಕೆ ಎಂದು ನೆಲಕ್ಕೊರಗಿದ ವಾಲಿ ಕೇಳುತ್ತಾನೆ. ತಾಳಮದ್ದಳೆಯಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ಭಾಗವತರ ಪದ್ಯ ನಾಲ್ಕು ಸಾಲಿನದಾದರೆ ಅರ್ಥಧಾರಿಗಳ ವಾದ ಗಂಟೆಗಟ್ಟಲೆ ನಡೆಯುತ್ತದೆ. ವಾಲಿ ಸಾಯುವುದು ನಿಶ್ಚಿತ, ಆದರೆ ಮಾತಿನಲ್ಲಿ ಗೆಲ್ಲುವವರು ಯಾರೆಂಬುದು ಆ ರಾತ್ರಿ ಕುಳಿತ ಇಬ್ಬರನ್ನು ಅವಲಂಬಿಸಿದೆ. ರಾಮ ಸೋತ ರಾತ್ರಿಗಳೂ ಉಂಟು. ‘ಕೃಷ್ಣ ಸಂಧಾನ’ದಲ್ಲಿಯೂ ಅಷ್ಟೇ. ಕೌರವನ ಪಾತ್ರಧಾರಿ ಸಮರ್ಥನಾದರೆ ಐದೂರನ್ನೇಕೆ ಕೊಡಬೇಕು ಎಂಬ ಅವನ ವಾದಕ್ಕೆ ಸಭೆ ತಲೆದೂಗುತ್ತದೆ. ಕೆರೆಮನೆ ಶಂಭು ಹೆಗಡೆ (1938-2009), ಚಿಟ್ಟಾಣಿ ರಾಮಚಂದ್ರ ಹೆಗಡೆ (1933-2017) ಅವರಂತಹ ಕಲಾವಿದರು ದುಷ್ಟಪಾತ್ರಗಳಿಗೂ ತಂದುಕೊಟ್ಟ ಘನತೆಯನ್ನು ಕಂಡ ಕಣ್ಣುಗಳಿಗೆ ಕಿರುತೆರೆಯ ದುರ್ಯೋಧನ ಕೇವಲ ಹಟಮಾರಿಯಾಗಿ ಕಂಡದ್ದು ಸಹಜ. ನಿತೀಶ್ ಭಾರದ್ವಾಜರ ಕೃಷ್ಣನ ನಗೆಯನ್ನು ಮೆಚ್ಚದವರಿಲ್ಲ. ಆದರೆ ಆ ಕೃಷ್ಣನಿಗೆ ಎದುರಾಡುವವರೇ ಇಲ್ಲವೆಂಬ ಕೊರತೆ ಇತ್ತು. ನನ್ನ ದೃಷ್ಟಿಯಲ್ಲಿ ಈ ಭಾಗದ ಪ್ರೇಕ್ಷಕರ ವಿಮರ್ಶೆಯ ಸಾರವೆಲ್ಲ ಇಲ್ಲಿದೆ: ದೇವರನ್ನು ಪ್ರಶ್ನಿಸುವ ಅವಕಾಶವನ್ನು ಕಥೆ ಉಳಿಸಿಕೊಂಡಿದೆಯೇ ಎಂದು ಅವರು ನೋಡಿದರು.

ಆಧಾರಗ್ರಂಥಗಳ ವಿಚಾರವೂ ಕುತೂಹಲಕರ. ಸಾಗರರ ಧಾರಾವಾಹಿ ತನ್ನ ಆಕರಗಳೆಂದು ವಾಲ್ಮೀಕಿ, ತುಳಸೀದಾಸರ ಜೊತೆಗೆ ಕಂಬ ರಾಮಾಯಣ, ಏಕನಾಥರ ‘ಭಾವಾರ್ಥ ರಾಮಾಯಣ’, ಕೃತ್ತಿವಾಸ ರಾಮಾಯಣ ಮೊದಲಾದವುಗಳನ್ನು ಹೆಸರಿಸುತ್ತದೆ. ಕನ್ನಡದಿಂದ ಆ ಪಟ್ಟಿಗೆ ಸೇರಿದ್ದು ‘ರಾಮಚಂದ್ರಚರಿತ ಪುರಾಣ’. ನಾಗಚಂದ್ರನ ಈ ಕಾವ್ಯ ಜೈನ ಪರಂಪರೆಗೆ ಸೇರಿದ್ದು. ಅಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾವಣನಂತೂ ವ್ರತನಿಷ್ಠನಾಗಿದ್ದು ವಿಧಿವಶದಿಂದ ಜಾರಿದ ಉದಾತ್ತ ಪುರುಷ. ತೋರಿಸಿದ ಕಥೆಯಲ್ಲಿ ಇದರ ಸುಳಿವಿಲ್ಲ. ಪಟ್ಟಿಯಲ್ಲಿ ಹೆಸರು ಸೇರಿದ್ದು ಗೌರವ ಸೂಚನೆಯಷ್ಟೇ ಎನ್ನಬೇಕಾಗುತ್ತದೆ. ಆದರೆ ನಾಗಚಂದ್ರನನ್ನು ಓದದ ಈ ಕರಾವಳಿಯ ಜನರಿಗೆ ರಾವಣನ ಮೇಲೆ ಬೇರೊಂದು ಕಾರಣದಿಂದ ಮಮತೆಯಿದೆ. ಅಂಕೋಲೆಯ ದಕ್ಷಿಣದ ಗಡಿಯಾದ ಗಂಗಾವಳಿಯನ್ನು ದಾಟಿದರೆ ಗೋಕರ್ಣ. ರಾವಣ ಕೈಲಾಸದಿಂದ ತಂದ ಆತ್ಮಲಿಂಗ ಅಲ್ಲಿ ನೆಲಕಚ್ಚಿತೆಂದು, ಅದನ್ನು ಕೀಳಹೋದಾಗ ಸಂಪುಟದ ಭಾಗಗಳು ಸಿಡಿದು ಬಿದ್ದವೆಂದು ಸ್ಥಳಪುರಾಣ ಹೇಳುತ್ತದೆ. ಧಾರೇಶ್ವರ, ಗುಣವಂತೇಶ್ವರ, ಮುರುಡೇಶ್ವರಗಳೊಂದಿಗೆ ಕಾರವಾರದ ಶೆಜ್ಜೇಶ್ವರವೂ ಆ ಕ್ಷೇತ್ರಗಳಲ್ಲಿ ಒಂದು. ರಾವಣನ ಭಕ್ತಿ ಮತ್ತು ಸಿಟ್ಟು ಎರಡರಿಂದಲೂ ತಮ್ಮ ನೆಲ ಪವಿತ್ರವಾಗಿದೆ ಎಂದು ನಂಬಿದವರು ಅವನನ್ನು ನೋಡುವ ರೀತಿ ಬೇರೆ. ಅರವಿಂದ ತ್ರಿವೇದಿಯವರ ರಾವಣ ಶಿವಸ್ತುತಿ ಮಾಡುವ ದೃಶ್ಯಗಳು ಇಲ್ಲಿ ವಿಶೇಷವಾಗಿ ಮೆಚ್ಚುಗೆ ಪಡೆದದ್ದಕ್ಕೆ ಇದೇ ಕಾರಣವಿರಬೇಕು.

ಪ್ರೇಕ್ಷಕರ ಅಭಿಪ್ರಾಯ ಧಾರಾವಾಹಿಯನ್ನೇ ಬದಲಿಸಿದ ನಿದರ್ಶನ ಉತ್ತರ ಭಾರತದಿಂದ ದೊರೆಯುತ್ತದೆ. ರಾಮನ ಪಟ್ಟಾಭಿಷೇಕಕ್ಕೆ ಕಥೆಯನ್ನು ನಿಲ್ಲಿಸಿದಾಗ ವಾಲ್ಮೀಕಿಯನ್ನು ಆರಾಧಿಸುವ ಪೌರಕಾರ್ಮಿಕರು 1988ರಲ್ಲಿ ಹಲವು ನಗರಗಳಲ್ಲಿ ಕೆಲಸ ನಿಲ್ಲಿಸಿದರು. ವಾಲ್ಮೀಕಿ ಸ್ವತಃ ಪಾತ್ರವಾಗಿ ಬರುವ ಲವಕುಶರ ಕಥೆ ಅವರಿಗೆ ಬೇಕಾಗಿತ್ತು. ಫಲವಾಗಿ ‘ಉತ್ತರ ರಾಮಾಯಣ’ ನಿರ್ಮಾಣವಾಯಿತು. ನಮ್ಮಲ್ಲಿ ಆ ಕಥೆಗಾಗಿ ಯಾರೂ ಬೀದಿಗಿಳಿಯಬೇಕಾಗಿರಲಿಲ್ಲ. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಮೂಲಕ ಸೀತಾ ಪರಿತ್ಯಾಗ ಮನೆಮನೆಗೆ ತಲುಪಿತ್ತು, ಲವಕುಶರ ಕಾಳಗ ರಂಗಸ್ಥಳದಲ್ಲಿತ್ತು.

ಇಲ್ಲೊಂದು ಐತಿಹಾಸಿಕ ವಿಪರ್ಯಾಸವನ್ನು ಗಮನಿಸಬೇಕು. ಉತ್ತರ ಕನ್ನಡದ ಭಾಗವತ ಮೇಳವೊಂದು 1842ರ ಸುಮಾರಿಗೆ ಸಾಂಗಲಿಗೆ ಹೋಗಿ ಆಟ ತೋರಿಸಿತು. ಅದರಿಂದ ಪ್ರೇರಿತರಾದ ಅಲ್ಲಿನ ಅರಸರ ಅಪೇಕ್ಷೆಯಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಆಧುನಿಕ ಮರಾಠಿ ರಂಗಭೂಮಿ ಅಲ್ಲಿಂದ ಮೊದಲಾಯಿತು. ಆ ರಂಗಭೂಮಿಯ ಪೌರಾಣಿಕ ಅಭಿರುಚಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ (1913), ‘ಲಂಕಾದಹನ’ (1917) ಚಿತ್ರಗಳಿಗೂ, ಮುಂದೆ ಮುಂಬಯಿಯ ಪೌರಾಣಿಕ ಚಿತ್ರಗಳಿಗೂ ಹರಿದು ಬಂತು. ಸಾಗರ, ಚೋಪ್ರಾ ಅವರ ಧಾರಾವಾಹಿಗಳು ಆ ಮನೆತನದ ಕುಡಿಗಳು. ಎಂದರೆ ಈ ಜಿಲ್ಲೆಯಿಂದ ಹೊರಟುಹೋದದ್ದು ಒಂದೂವರೆ ಶತಮಾನದ ಬಳಿಕ ಗುರುತು ಸಿಗದಷ್ಟು ಬದಲಾಗಿ ಇಲ್ಲಿಗೇ ಮರಳಿತು. ದಾರಿಯಲ್ಲಿ ಕಳೆದುಹೋದದ್ದು ಅರ್ಥಗಾರಿಕೆ.

ದೂರದರ್ಶನದ ರಾಮಾಯಣವು ಒಂದೇ ಪಾಠವನ್ನು ಅಧಿಕೃತಗೊಳಿಸಿ ಉಳಿದ ಪಾಠಗಳನ್ನು ಮರೆಸೀತೆಂಬ ಆತಂಕವನ್ನು ಇತಿಹಾಸಕಾರ್ತಿ ರೋಮಿಲಾ ಥಾಪರ್ ಆಗಲೇ ವ್ಯಕ್ತಪಡಿಸಿದ್ದರು. ರಾಮಾಯಣಗಳು ಹಲವು ಎಂದು ಪ್ರತಿಪಾದಿಸಿದ ಎ.ಕೆ. ರಾಮಾನುಜನ್, ರಾವಣನ ಸೀನಿನಿಂದ ಸೀತೆ ಹುಟ್ಟುವ ಕನ್ನಡ ಜನಪದ ರಾಮಾಯಣವನ್ನು ತಮ್ಮ ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ಕಾರವಾರ-ಅಂಕೋಲೆಗಳ ಮಟ್ಟಿಗೆ ಈ ಆತಂಕ 1987ರಲ್ಲಿ ಪೂರ್ತಿ ನಿಜವಾಗಿರಲಿಲ್ಲ, ಏಕೆಂದರೆ ಹೋಲಿಸಿ ನೋಡಲು ಇನ್ನೊಂದು ಪಾಠ ಕಣ್ಣೆದುರಿಗಿತ್ತು. ಈಗ ಹಾಗೆ ಹೇಳುವ ಧೈರ್ಯ ನನಗಿಲ್ಲ. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಹಲವೆಡೆ ಕಾಲಮಿತಿಗೆ ಒಳಪಟ್ಟಿದೆ. ಹಾಗೆ ಮಾಡುವಾಗ ಮೊದಲು ಕತ್ತರಿ ಬೀಳುವುದು ಮಾತಿಗೇ. 2020ರ ಲಾಕ್‌ಡೌನ್ ಅವಧಿಯಲ್ಲಿ ಹಳೆಯ ‘ರಾಮಾಯಣ’ ಮರುಪ್ರಸಾರಗೊಂಡಿತು. ಅದೇ ವರ್ಷ 2013ರ ಹಿಂದಿ ‘ಮಹಾಭಾರತ’ ಧಾರಾವಾಹಿ ಸ್ಟಾರ್ ಸುವರ್ಣ ವಾಹಿನಿಯಲ್ಲಿ ಕನ್ನಡಕ್ಕೆ ಡಬ್ಬಿಂಗ್ ಆಗಿ ಬಂತು. ದಶಕಗಳ ಕಾಲ ಡಬ್ಬಿಂಗ್‌ಗೆ ಇದ್ದ ವಿರೋಧ ಅಷ್ಟರಲ್ಲಿ ಸಡಿಲಗೊಂಡಿತ್ತು. ಅಂಕೋಲೆಯ ಅಜ್ಜಿಗೆ ಈ ಸಲ ಹಿಂದಿಯನ್ನು ವಿವರಿಸುವ ಮೊಮ್ಮಗ ಬೇಕಾಗಲಿಲ್ಲ. ಮೊಮ್ಮಗನಿಗೆ ಪ್ರಸಂಗವನ್ನು ವಿವರಿಸುವ ಅಜ್ಜಿಯೂ ಬೇಕಾಗಲಿಲ್ಲವೇ ಎಂಬುದನ್ನು ಪರಿಶೀಲಿಸಬೇಕಾಗಿದೆ.

1987ರಲ್ಲಿ ಮೂವತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಪ್ಪತ್ತರ ಆಸುಪಾಸು. ಜಗಲಿಯಲ್ಲಿ ಕುಳಿತು ಅವರಾಡಿದ ಮಾತುಗಳನ್ನು ಕಾರವಾರದ ಕೊಂಕಣಿಯಲ್ಲಿ, ಅಂಕೋಲೆಯ ನಾಡವರ ಮತ್ತು ಹಾಲಕ್ಕಿಗಳ ಕನ್ನಡದಲ್ಲಿ, ಅವರವರ ನುಡಿಯಲ್ಲಿಯೇ ಧ್ವನಿಮುದ್ರಿಸುವ ಕೆಲಸವನ್ನು ಅಕಾಡೆಮಿಯೋ ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳೋ ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.