ಫುಟ್‌ಬಾಲ್ ತಂಡದ ಗೆಲುವನ್ನು ಲೆಕ್ಕ ಹಾಕಬಹುದೆ?

2022ರ ನವೆಂಬರ್ 22ರಂದು ಕತಾರ್‌ನ ವಿಶ್ವಕಪ್ ಪಂದ್ಯಾವಳಿಯಲ್ಲಿ ಅರ್ಜೆಂಟೀನಾ ಮತ್ತು ಸೌದಿ ಅರೇಬಿಯ ಎದುರಾದವು. ಅದಕ್ಕೆ ಮುಂಚಿನ 36 ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಅರ್ಜೆಂಟೀನಾ ಒಮ್ಮೆಯೂ ಸೋತಿರಲಿಲ್ಲ. ಅಂದು ಕೂಡ ಬಹುಪಾಲು ದಾಳಿ ಅದರದೇ. ಸೌದಿ ಆಟಗಾರರು ಗೋಲಿನತ್ತ ಚೆಂಡು ಒದ್ದದ್ದು ಮೂರೇ ಸಲ. ಅವುಗಳಲ್ಲಿ ಎರಡು ಗೋಲಾದವು. ಅರ್ಜೆಂಟೀನಾ 1–2ರಿಂದ ಸೋತಿತು. ಆದರೆ ಡಿಸೆಂಬರ್ 18ರಂದು ವಿಶ್ವಕಪ್ ಗೆದ್ದದ್ದು ಅದೇ ಅರ್ಜೆಂಟೀನಾ. ಸೌದಿ ತಂಡ ಮೊದಲ ಹಂತದಲ್ಲೇ ಹೊರಬಿದ್ದಿತ್ತು.

ಇಂದು ದೊಡ್ಡ ಕ್ಲಬ್‌ಗಳ ಮೈದಾನಗಳಲ್ಲಿ ಕ್ಯಾಮೆರಾಗಳು ಪ್ರತಿಯೊಬ್ಬ ಆಟಗಾರನ ಚಲನೆಯನ್ನೂ ದಾಖಲಿಸುತ್ತವೆ. ಕಂಪ್ಯೂಟರ್‌ಗಳು ಆ ಅಂಕಿ ಅಂಶಗಳನ್ನು ಜಾಲಾಡುತ್ತವೆ. ಇಷ್ಟಾದರೂ ಗೆಲ್ಲುವವರು ಯಾರು ಎಂದು ಮೊದಲೇ ಹೇಳಲು ಸಾಧ್ಯವೆ? ಒಂದು ಪಂದ್ಯದ ಮಟ್ಟಿಗೆ ಉತ್ತರ ಬಹುತೇಕ 'ಇಲ್ಲ'. ಒಂದು ಇಡೀ ಋತುವಿನ ಮಟ್ಟಿಗೆ 'ಸಾಕಷ್ಟು ಮಟ್ಟಿಗೆ ಹೌದು'. ಹೀಗೇಕೆ ಎಂಬುದನ್ನು ನೋಡೋಣ.

ಗೋಲು ಅಪರೂಪದ ಘಟನೆ

2022ರ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಒಟ್ಟು 172 ಗೋಲುಗಳಾದವು. ಎಂದರೆ ಎರಡೂ ತಂಡಗಳು ಸೇರಿ ಪಂದ್ಯವೊಂದಕ್ಕೆ ಸರಾಸರಿ 2.7 ಗೋಲು. ತೊಂಬತ್ತು ನಿಮಿಷಗಳ ಓಡಾಟದ ಫಲ ಇಷ್ಟೆ!

ಅಪರೂಪಕ್ಕೆ, ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವ ಘಟನೆಗಳಿಗೆ ಒಂದು ನಿಯಮವಿದೆ. ಫ್ರಾನ್ಸ್‌ನ ಗಣಿತಜ್ಞ ಪ್ವಾಸಾನ್ 1837ರಲ್ಲಿ ಪ್ರಕಟಿಸಿದ ಸಂಭವನೀಯತಾ ಸೂತ್ರ ಅದು. 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ವಿದ್ವಾಂಸ ಇದನ್ನು ಪ್ರಷ್ಯದ ಸೇನೆಯಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಸಂಖ್ಯೆಗೆ ಅನ್ವಯಿಸಿದ. ಹತ್ತು ದಳಗಳ ಇಪ್ಪತ್ತು ವರ್ಷಗಳ, ಅಂದರೆ 200 ದಾಖಲೆಗಳಲ್ಲಿ ಒಟ್ಟು ಸಾವು 122. ಒಂದೂ ಸಾವಿಲ್ಲದ ದಾಖಲೆಗಳು ಸೂತ್ರದ ಪ್ರಕಾರ ಸುಮಾರು 108.7 ಇರಬೇಕು, ಇದ್ದದ್ದು 109. 1910ರಲ್ಲಿ ರುದರ್‌ಫರ್ಡ್ ಮತ್ತು ಗೈಗರ್ ವಿಕಿರಣಪಟು ವಸ್ತುವಿನಿಂದ ಹೊಮ್ಮುವ ಆಲ್ಫಾ ಕಣಗಳನ್ನು ಎಣಿಸಿದಾಗಲೂ ಇದೇ ನಿಯಮ ಕಂಡುಬಂತು.

ಗೋಲುಗಳೂ ಹೆಚ್ಚುಕಡಿಮೆ ಹೀಗೆಯೇ. ಸರಾಸರಿ 2.7 ಆದರೆ 64 ಪಂದ್ಯಗಳಲ್ಲಿ ಗೋಲೇ ಇಲ್ಲದವು ನಾಲ್ಕೈದು ಇರಬೇಕೆಂದು ಸೂತ್ರ ಹೇಳುತ್ತದೆ. ಕತಾರ್‌ನಲ್ಲಿ ಅಂಥವು 7 ಇದ್ದವು. ಇಷ್ಟು ಚಿಕ್ಕ ಸಂಖ್ಯೆಗಳಲ್ಲಿ ಇಷ್ಟು ವ್ಯತ್ಯಾಸ ಅಸಹಜವಲ್ಲ. ಜೊತೆಗೆ 0–0, 1–1ರಂಥ ಫಲಿತಾಂಶಗಳು ಸೂತ್ರ ಹೇಳುವುದಕ್ಕಿಂತ ತುಸು ಹೆಚ್ಚಾಗಿ ಬರುತ್ತವೆ ಎಂಬುದನ್ನು ಇಂಗ್ಲೆಂಡಿನ ಡಿಕ್ಸನ್ ಮತ್ತು ಕೋಲ್ಸ್ 1997ರಲ್ಲಿ ತೋರಿಸಿ, ಸೂತ್ರಕ್ಕೆ ತಿದ್ದುಪಡಿ ಸೂಚಿಸಿದರು.

ಬಲಶಾಲಿಯೂ ಸೋಲುವುದೇಕೆ?

ಪ್ರತಿ ತಂಡಕ್ಕೂ ದಾಳಿಯ ಬಲ, ರಕ್ಷಣೆಯ ಬಲ ಎಂಬ ಎರಡು ಸಂಖ್ಯೆಗಳನ್ನು ಕೊಟ್ಟು ಗೋಲಿನ ಸರಾಸರಿಯನ್ನು ಅಂದಾಜು ಮಾಡುವ ವಿಧಾನವನ್ನು ಮೇಹರ್ ಎಂಬವರು 1982ರಲ್ಲಿ ರೂಪಿಸಿದರು. ಅದರಂತೆ ಒಂದು ಸರಳ ಲೆಕ್ಕ ಮಾಡೋಣ. ಒಂದು ತಂಡದ ಸರಾಸರಿ 2 ಗೋಲು, ಎದುರಾಳಿಯದು 1 ಎಂದಿರಲಿ. ಮೊದಲನೆಯದು ಎರಡು ಪಟ್ಟು ಸಮರ್ಥ ಎಂದಾಯಿತು. ಪ್ವಾಸಾನ್ ಸೂತ್ರದಿಂದ ಬರುವ ಉತ್ತರ ಹೀಗಿದೆ: ಬಲಶಾಲಿ ತಂಡ ಗೆಲ್ಲುವ ಸಂಭವ ಶೇ. 61, ಪಂದ್ಯ ಸಮವಾಗುವ ಸಂಭವ ಶೇ. 21, ದುರ್ಬಲ ತಂಡ ಗೆಲ್ಲುವ ಸಂಭವ ಶೇ. 18. ಅಂದರೆ ಎರಡು ಪಟ್ಟು ಸಮರ್ಥ ತಂಡವೂ ಐದರಲ್ಲಿ ಸುಮಾರು ಎರಡು ಪಂದ್ಯಗಳನ್ನು ಗೆಲ್ಲುವುದಿಲ್ಲ.

ಈಗ ಇದೇ ಎರಡು ತಂಡಗಳು ಸರಾಸರಿ 80 ಮತ್ತು 40 ಅಂಕ ಗಳಿಸುವ ಬೇರೊಂದು ಆಟ ಆಡುತ್ತಿವೆ ಎಂದು ಕಲ್ಪಿಸಿಕೊಳ್ಳಿ. ಸಾಮರ್ಥ್ಯದ ಅನುಪಾತ ಅದೇ, 2:1. ಸರಾಸರಿ ಅಂತರ 40 ಅಂಕ. ಪ್ವಾಸಾನ್ ನಿಯಮದಲ್ಲಿ ಏರಿಳಿತದ ಅಳತೆ ಸರಾಸರಿಯ ವರ್ಗಮೂಲ. ಇಲ್ಲಿ 120ರ ವರ್ಗಮೂಲ, ಎಂದರೆ ಸುಮಾರು 11. ಅಂತರವು ಏರಿಳಿತದ ಮೂರೂವರೆ ಪಟ್ಟಿಗೂ ಹೆಚ್ಚು. ಹಾಗಾಗಿ ದುರ್ಬಲ ತಂಡ ಗೆಲ್ಲುವ ಸಂಭವ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಫುಟ್‌ಬಾಲ್‌ನಲ್ಲಾದರೋ ಅಂತರ 1, ಏರಿಳಿತ 3ರ ವರ್ಗಮೂಲವಾದ 1.7. ರೇಡಿಯೋ ಕೇಳುವಾಗ ಮಾತಿಗಿಂತ ಗರಗರ ಸದ್ದೇ ಹೆಚ್ಚಾದ ಹಾಗೆ. ಇದು ಲೆಕ್ಕಗಾರನ ದೋಷವಲ್ಲ. ಆಟದ ಸ್ವಭಾವವೇ ಹಾಗೆ.

ಋತುವಿನ ಲೆಕ್ಕ

ಗರಗರ ಸದ್ದಿನಲ್ಲಿ ಮಾತು ಕೇಳಿಸಿಕೊಳ್ಳುವ ಉಪಾಯ ಎಲ್ಲ ಪ್ರಯೋಗಾಲಯಗಳಲ್ಲೂ ಒಂದೇ: ಅಳತೆಯನ್ನು ಮತ್ತೆ ಮತ್ತೆ ಮಾಡಬೇಕು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಪ್ರತಿ ತಂಡ ಋತುವೊಂದಕ್ಕೆ 38 ಪಂದ್ಯ ಆಡುತ್ತದೆ. ಗೆಲುವಿಗೆ 3 ಅಂಕ, ಸಮವಾದರೆ 1. ಮೇಲಿನ ಬಲಶಾಲಿ ತಂಡ ಪ್ರತಿ ಪಂದ್ಯದಲ್ಲೂ ಅಂಥದೇ ಎದುರಾಳಿಯೊಡನೆ ಆಡಿದರೆ ಒಟ್ಟು ಸುಮಾರು 77 ಅಂಕ ಗಳಿಸಬೇಕು. ದುರ್ಬಲ ಸ್ಥಾನದಲ್ಲಿರುವ ತಂಡ ಸುಮಾರು 29. ಇವುಗಳ ಮಾನಕ ವಿಚಲನೆ ಸುಮಾರು 8 ಅಂಕ. ಒಂದು ಪಂದ್ಯದಲ್ಲಿ ಮಸುಕಾಗಿದ್ದ ವ್ಯತ್ಯಾಸ ಈಗ ನಿಚ್ಚಳವಾಗಿದೆ.

ಆದರೆ ಆ 8 ಅಂಕಗಳನ್ನು ಮರೆಯಬೇಡಿ. 2011–12ರಲ್ಲಿ ಮ್ಯಾಂಚೆಸ್ಟರ್‌ನ ಎರಡೂ ತಂಡಗಳು 89 ಅಂಕ ಗಳಿಸಿ, ಪ್ರಶಸ್ತಿ ಗೋಲುಗಳ ಅಂತರದಿಂದ ನಿರ್ಧಾರವಾಯಿತು. 2018–19ರಲ್ಲಿ ಮ್ಯಾಂಚೆಸ್ಟರ್ ಸಿಟಿ 98, ಲಿವರ್‌ಪೂಲ್ 97. ತಂಡಗಳ ಸಾಮರ್ಥ್ಯ ಕರಾರುವಾಕ್ಕಾಗಿ ಗೊತ್ತಿದ್ದರೂ ಇಂಥ ಸ್ಪರ್ಧೆಯಲ್ಲಿ ಮೊದಲನೆಯವರು ಯಾರೆಂದು ಹೇಳಲಾಗದು. ಮೇಲಿನ ಗುಂಪು, ಕೆಳಗಿನ ಗುಂಪು ಯಾವುದೆಂದು ಹೇಳಬಹುದು, ಅಷ್ಟೆ.

ಸಾಮರ್ಥ್ಯದ ಅಂದಾಜೇ ತಪ್ಪುವುದೂ ಉಂಟು. 2015–16ರಲ್ಲಿ ಲೆಸ್ಟರ್ ಸಿಟಿ ತಂಡ ಗೆಲ್ಲುತ್ತದೆ ಎಂದು ಬಾಜಿ ಕಟ್ಟಿದವರಿಗೆ ಒಂದಕ್ಕೆ ಐದು ಸಾವಿರ ಕೊಡುವುದಾಗಿ ಬಾಜಿದಾರರು ಹೇಳಿದ್ದರು. ಹಿಂದಿನ ವರ್ಷ 41 ಅಂಕ ಗಳಿಸಿ 14ನೆಯ ಸ್ಥಾನದಲ್ಲಿದ್ದ ಆ ತಂಡ 81 ಅಂಕಗಳೊಡನೆ ಪ್ರಶಸ್ತಿ ಗೆದ್ದಿತು. ಮರುವರ್ಷ 44 ಅಂಕ, 12ನೆಯ ಸ್ಥಾನ. ಅಸಾಧಾರಣ ಫಲಿತಾಂಶದ ನಂತರ ಸರಾಸರಿಯತ್ತ ಮರಳುವ ಪ್ರವೃತ್ತಿಗೆ ಇದು ಒಳ್ಳೆಯ ನಿದರ್ಶನ.

ಗೋಲಿನ ಬದಲು ಅವಕಾಶ

ಗೋಲು ಅಪರೂಪವಾದರೆ, ಅದಕ್ಕಿಂತ ಹೆಚ್ಚಾಗಿ ನಡೆಯುವ ಬೇರೇನನ್ನಾದರೂ ಎಣಿಸಬಾರದೇಕೆ? ಈ ದಾರಿಯಲ್ಲಿ ಮೊದಲು ನಡೆದವರು ಬ್ರಿಟಿಷ್ ವಾಯುಸೇನೆಯ ಚಾರ್ಲ್ಸ್ ರೀಪ್. 1950ರ ಮಾರ್ಚ್‌ನಿಂದ ಅವರು ಪಂದ್ಯಗಳಲ್ಲಿನ ಪಾಸ್‌ಗಳನ್ನು ಕೈಬರಹದಲ್ಲಿ ಗುರುತು ಹಾಕತೊಡಗಿದರು. ಹತ್ತರಲ್ಲಿ ಸುಮಾರು ಎಂಟು ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಿಂದ ಬರುತ್ತವೆ ಎಂದು ಕಂಡುಕೊಂಡು, ಚೆಂಡನ್ನು ಉದ್ದಕ್ಕೆ ಒದೆಯುವುದೇ ಮೇಲೆಂದು ವಾದಿಸಿದರು. ಆದರೆ ಅವರದೇ ಅಂಕಿಗಳ ಪ್ರಕಾರ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ದಾಳಿಗಳು ಅಷ್ಟೇ ಪಾಸ್‌ಗಳಲ್ಲಿ ಮುಗಿಯುತ್ತಿದ್ದವು. ಎಂದರೆ ದಾಳಿಯೊಂದಕ್ಕೆ ಹೆಚ್ಚು ಗೋಲು ತರುತ್ತಿದ್ದದ್ದು ಉದ್ದನೆಯ ಪಾಸ್ ಸರಣಿಗಳೇ! ಅಂಶವನ್ನು ಮಾತ್ರ ನೋಡಿ ಛೇದವನ್ನು ಮರೆತರೆ ಹೀಗಾಗುತ್ತದೆ.

ಇಂದು ಬಳಕೆಯಲ್ಲಿರುವುದು 'ನಿರೀಕ್ಷಿತ ಗೋಲು' ಎಂಬ ಅಳತೆ. ಗೋಲುಕಂಬದಿಂದ ದೂರ, ಕೋನ, ಕಾಲಿನ ಹೊಡೆತವೋ ತಲೆಯದೋ ಎಂಬಿವನ್ನು ಗಮನಿಸಿ, ಹಿಂದಿನ ಸಾವಿರಾರು ಹೊಡೆತಗಳ ಆಧಾರದ ಮೇಲೆ ಪ್ರತಿ ಹೊಡೆತಕ್ಕೂ ಒಂದು ಸಂಭವನೀಯತೆ ಕೊಡಲಾಗುತ್ತದೆ. ಪೆನಾಲ್ಟಿ ಒದೆತಕ್ಕೆ ಇದು ಸುಮಾರು ಮುಕ್ಕಾಲು. ಬಹು ದೂರದಿಂದ ಒದ್ದದ್ದಕ್ಕೆ ನೂರಕ್ಕೆ ಎರಡು ಮೂರು. ಇವುಗಳ ಮೊತ್ತವು ತಂಡ ಸೃಷ್ಟಿಸಿದ ಅವಕಾಶಗಳ ಅಳತೆ. ಕೆಲವೇ ಪಂದ್ಯಗಳಾಗಿದ್ದಾಗ ಮುಂದಿನ ಫಲಿತಾಂಶವನ್ನು ಊಹಿಸಲು, ಆದ ಗೋಲುಗಳಿಗಿಂತ ಇದು ಹೆಚ್ಚು ಉಪಯುಕ್ತ.

ಯಾರಿಗೆ ಬೇಕು ಈ ಲೆಕ್ಕ?

ನಮ್ಮ ಬಲಶಾಲಿ ತಂಡಕ್ಕೆ ಮರಳೋಣ. ಅದು 38 ಪಂದ್ಯಗಳ ಋತುವಿನಲ್ಲಿ ಎಲ್ಲಾದರೂ ಸತತ ಮೂರು ಪಂದ್ಯ ಗೆಲ್ಲದೆ ಹೋಗುವ ಸಂಭವ ಎಷ್ಟು? ಲೆಕ್ಕ ಹಾಕಿದರೆ ಸುಮಾರು ಮುಕ್ಕಾಲು. ಏನೂ ಕೆಡದಿದ್ದರೂ, ಬರೀ ಆಕಸ್ಮಿಕದಿಂದಲೇ! ಅಷ್ಟರಲ್ಲಿ 'ತಂಡ ಕೆಟ್ಟಿತು, ತರಬೇತುದಾರನನ್ನು ತೆಗೆಯಿರಿ' ಎಂಬ ಕೂಗು ಎದ್ದಿರುತ್ತದೆ.

2014–15ರಲ್ಲಿ ಯುರ್ಗನ್ ಕ್ಲಾಪ್ ತರಬೇತಿಯಲ್ಲಿದ್ದ ಜರ್ಮನಿಯ ಡಾರ್ಟ್‌ಮುಂಡ್ ತಂಡ ಅರ್ಧ ಋತು ಮುಗಿದಾಗ 18 ತಂಡಗಳಲ್ಲಿ 17ನೆಯದಾಗಿತ್ತು, ಕೊನೆಗೆ 7ನೆಯದಾಯಿತು. ಕ್ಲಾಪ್ ಹುದ್ದೆ ಬಿಟ್ಟರು. ಆಗ ಲಿವರ್‌ಪೂಲ್ ಕ್ಲಬ್‌ನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಇಯಾನ್ ಗ್ರಹಾಂ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಅವರು ಆ ಋತುವನ್ನು ಅವಕಾಶಗಳ ಲೆಕ್ಕದಲ್ಲಿ ಪರಿಶೀಲಿಸಿದಾಗ, ತಂಡದ ಆಟಕ್ಕಿಂತ ಅದೃಷ್ಟ ಕೆಟ್ಟಿತ್ತು ಎಂದು ಕಂಡುಬಂತು. 2015ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್ ಕ್ಲಾಪ್ ಅವರನ್ನು ನೇಮಿಸಿಕೊಂಡಿತು. ಆ ತಂಡ 2019ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್, 2020ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಿತು. ಇದಕ್ಕೆಲ್ಲ ಲೆಕ್ಕವೊಂದೇ ಕಾರಣವಲ್ಲ. ಆದರೆ ಒಬ್ಬನ ಕೆಲಸವನ್ನು ಅಂಕಪಟ್ಟಿಯೊಂದರಿಂದಲೇ ಅಳೆಯುವ ಆತುರವನ್ನು ಅದು ತಡೆಯಿತು.

ಮುನ್ಸೂಚನೆಯನ್ನು ಪರೀಕ್ಷಿಸುವುದು ಹೇಗೆ?

2010ರ ವಿಶ್ವಕಪ್‌ನಲ್ಲಿ ಜರ್ಮನಿಯ ಪಾಲ್ ಎಂಬ ಅಷ್ಟಪದಿ ಎಂಟು ಪಂದ್ಯಗಳ ಫಲವನ್ನು ಸರಿಯಾಗಿ 'ಹೇಳಿ' ಹೆಸರಾಯಿತು. ನಾಣ್ಯ ಚಿಮ್ಮಿ ಎಂಟು ಸಲವೂ ಸರಿಯಾಗಿ ಊಹಿಸುವ ಸಂಭವ 256ಕ್ಕೆ 1. ಹಾಗಾಗಿ 256 ಪ್ರಾಣಿಗಳನ್ನು ಇಂಥ ಪರೀಕ್ಷೆಗೆ ಒಡ್ಡಿದರೆ ಸರಾಸರಿ ಒಂದು ತೇರ್ಗಡೆಯಾಗುತ್ತದೆ. ತಪ್ಪಿದವುಗಳ ಸುದ್ದಿ ಪತ್ರಿಕೆಗೆ ಬರುವುದಿಲ್ಲ.

ನಿಜವಾದ ಮುನ್ಸೂಚಕನಿಗೆ ಬೇರೆಯೇ ಪರೀಕ್ಷೆ ಇದೆ. ಆತ 'ಶೇ. 70 ಸಂಭವ' ಎಂದ ನೂರು ಪಂದ್ಯಗಳನ್ನು ತೆಗೆದುಕೊಳ್ಳಿ. ಅವುಗಳಲ್ಲಿ ಸುಮಾರು 70 ಹಾಗೆಯೇ ಆಗಿರಬೇಕು, 30 ತಪ್ಪಿರಬೇಕು. ನೂರಕ್ಕೆ ನೂರು ಸರಿ ಹೇಳುತ್ತೇನೆ ಎನ್ನುವವನಿಗೆ, ಅದರಲ್ಲೂ ಅದನ್ನು ನಂಬಿ ಹಣ ಹೂಡಿ ಎನ್ನುವವನಿಗೆ, ಸಂಖ್ಯಾಶಾಸ್ತ್ರದ ಮೊದಲ ಪಾಠವೂ ಆಗಿಲ್ಲವೆಂದೇ ತಿಳಿಯಬೇಕು. ಸಂಖ್ಯಾಶಾಸ್ತ್ರ ಭವಿಷ್ಯ ಹೇಳುವುದಿಲ್ಲ. ಎಷ್ಟರಮಟ್ಟಿಗೆ ಹೇಳಬಹುದು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ತಿಳಿಸುತ್ತದೆ.