ಹಸಿರು ತೆರಿಗೆ (ವಾಹನ)

ಹಸಿರು ತೆರಿಗೆ ಎಂದರೆ ಹಳೆಯ ಮೋಟಾರು ವಾಹನಗಳಿಂದ ಉಂಟಾಗುವ ವಾಯುಮಾಲಿನ್ಯದ ಕಾರಣಕ್ಕೆ ಅವುಗಳ ಮಾಲೀಕರಿಂದ ಸರ್ಕಾರ ವಸೂಲಿ ಮಾಡುವ ಹೆಚ್ಚುವರಿ ತೆರಿಗೆ. ಕರ್ನಾಟಕದಲ್ಲಿ ಇದನ್ನು 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮದ ಅಡಿಯಲ್ಲಿ ವಿಧಿಸಲಾಗುತ್ತದೆ. ಮಾಲಿನ್ಯ ಮಾಡಿದವರೇ ಅದರ ವೆಚ್ಚವನ್ನು ಭರಿಸಬೇಕು ಎಂಬ ತತ್ತ್ವ ಇದಕ್ಕೆ ಆಧಾರವಾಗಿದೆ. ಈ ತತ್ತ್ವವು ದೇಶದ ಪರಿಸರ ಕಾನೂನಿನ ಭಾಗವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ವೆಲ್ಲೂರು ನಾಗರಿಕರ ವೇದಿಕೆಯ ಪ್ರಕರಣದಲ್ಲಿ ಹೇಳಿತು. ತೆರಿಗೆಯು ವಾಹನದ ಹೊಗೆಯ ಪ್ರಮಾಣವನ್ನಲ್ಲದೆ ಅದರ ವಯಸ್ಸನ್ನು ಅವಲಂಬಿಸಿರುವುದರಿಂದ, ಹೊರೆಯ ಹಂಚಿಕೆ ನ್ಯಾಯಯುತವೇ ಎಂಬುದು ಚರ್ಚೆಯ ವಿಷಯವಾಗಿದೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯಂತಹ ಹೆದ್ದಾರಿ ಪಟ್ಟಣಗಳಲ್ಲಿ ಈ ಪ್ರಶ್ನೆ ಸ್ಪಷ್ಟವಾಗಿ ಎದುರಾಗುತ್ತದೆ.

ವಾಹನದ ಹೊಗೆ ಮತ್ತು ಗಾಳಿಯ ಗುಣಮಟ್ಟ

ವಾಹನಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಆಕ್ಸೈಡ್‌ಗಳು, ಸುಡದೆ ಉಳಿದ ಹೈಡ್ರೋಕಾರ್ಬನ್‌ಗಳು ಮತ್ತು ಸೂಕ್ಷ್ಮ ಕಣಗಳು ಇರುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣದಾದ ಕಣಗಳು (ಪಿಎಂ 2.5) ಶ್ವಾಸಕೋಶದ ಆಳಕ್ಕೆ ಇಳಿಯುವುದರಿಂದ ಹೆಚ್ಚು ಅಪಾಯಕಾರಿ. ಭಾರತದ 2009ರ ಮಾನದಂಡದ ಪ್ರಕಾರ ಪಿಎಂ 2.5ರ ವಾರ್ಷಿಕ ಸರಾಸರಿ ಪ್ರತಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ 5 ಮೈಕ್ರೋಗ್ರಾಂ.

ಹೊಸ ವಾಹನಗಳ ಹೊಗೆಯನ್ನು ಭಾರತ್ ಸ್ಟೇಜ್ ಮಾನದಂಡಗಳು ನಿಯಂತ್ರಿಸುತ್ತವೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಜಾರಿಗೆ ಬಂದಿತು. ಇದರೊಂದಿಗೆ ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಬಳಕೆಯಲ್ಲಿರುವ ವಾಹನಗಳಿಗೆ ಹೊಗೆ ತಪಾಸಣಾ ಪ್ರಮಾಣಪತ್ರ ಕಡ್ಡಾಯ. ಈ ತಪಾಸಣೆಯಲ್ಲಿ ಪೆಟ್ರೋಲ್ ವಾಹನಗಳ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ವಾಹನಗಳ ಹೊಗೆಯ ಸಾಂದ್ರತೆ ಅಳೆಯಲಾಗುತ್ತದೆ, ಪಿಎಂ 2.5 ಅಥವಾ ನೈಟ್ರೋಜನ್ ಆಕ್ಸೈಡ್‌ಗಳನ್ನು ಅಳೆಯುವುದಿಲ್ಲ.

ಕರ್ನಾಟಕದಲ್ಲಿನ ದರಗಳು

ಸ್ವಂತ ಬಳಕೆಯ ವಾಹನವು 15 ವರ್ಷ ಪೂರೈಸಿ ನೋಂದಣಿ ನವೀಕರಣಕ್ಕೆ ಬಂದಾಗ ಹಸಿರು ತೆರಿಗೆ ಕಟ್ಟಬೇಕಾಗುತ್ತದೆ. ದ್ವಿಚಕ್ರ ವಾಹನಗಳಿಗೆ ಐದು ವರ್ಷಕ್ಕೆ 250 ರೂಪಾಯಿ, ಕಾರು ಮೊದಲಾದವುಗಳಿಗೆ ಐದು ವರ್ಷಕ್ಕೆ 500 ರೂಪಾಯಿ ದರ ನಿಗದಿಯಾಗಿದೆ. ಬಾಡಿಗೆ ಹಾಗೂ ಸರಕು ಸಾಗಣೆಯ ವಾಹನಗಳು 7 ವರ್ಷ ಪೂರೈಸಿದ ಬಳಿಕ ಅರ್ಹತಾ ಪ್ರಮಾಣಪತ್ರದ (ಎಫ್‌ಸಿ) ನವೀಕರಣದ ವೇಳೆ ವರ್ಷಕ್ಕೆ 200 ರೂಪಾಯಿ ಪಾವತಿಸಬೇಕು.

ಇದಲ್ಲದೆ ಕೇಂದ್ರ ಸರ್ಕಾರವು 2022ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು 600 ರೂಪಾಯಿಯಿಂದ 5,000 ರೂಪಾಯಿಗೂ ಮೋಟಾರ್ ಸೈಕಲ್‌ಗಳ ಶುಲ್ಕವನ್ನು 300 ರೂಪಾಯಿಯಿಂದ 1,000 ರೂಪಾಯಿಗೂ ಏರಿಸಿತು. ಹೀಗಾಗಿ ಹಳೆಯ ವಾಹನದ ಮಾಲೀಕರ ನಿಜವಾದ ಹೊರೆ ಹಸಿರು ತೆರಿಗೆಗಿಂತ ಈ ಶುಲ್ಕದಲ್ಲೇ ಹೆಚ್ಚು.

2021ರ ಕೇಂದ್ರ ಪ್ರಸ್ತಾವ

2021ರ ಜನವರಿಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ದೇಶವ್ಯಾಪಿ ಹಸಿರು ತೆರಿಗೆಯ ಪ್ರಸ್ತಾವವನ್ನು ರಾಜ್ಯಗಳ ಅಭಿಪ್ರಾಯಕ್ಕೆ ಕಳುಹಿಸಿತು. ಅದರಂತೆ 8 ವರ್ಷ ಮೀರಿದ ಸಾರಿಗೆ ವಾಹನಗಳಿಗೆ ರಸ್ತೆ ತೆರಿಗೆಯ ಶೇ. 10ರಿಂದ 25ರಷ್ಟು ತೆರಿಗೆ ಬೀಳುತ್ತಿತ್ತು. ಬಸ್ಸುಗಳಂತಹ ಸಾರ್ವಜನಿಕ ಸಾರಿಗೆಗೆ ಕಡಿಮೆ ದರ, ಟ್ರ್ಯಾಕ್ಟರ್ ಮತ್ತು ಟಿಲ್ಲರ್‌ಗಳಿಗೆ ಹಾಗೂ ವಿದ್ಯುತ್ ಮತ್ತು ಸಿಎನ್‌ಜಿ ವಾಹನಗಳಿಗೆ ವಿನಾಯಿತಿ ಸೂಚಿಸಲಾಗಿತ್ತು. ವಸೂಲಾದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮಾಲಿನ್ಯ ನಿಯಂತ್ರಣಕ್ಕೇ ಬಳಸಬೇಕೆಂದೂ ಹೇಳಲಾಗಿತ್ತು. ಒಟ್ಟು ವಾಹನಗಳಲ್ಲಿ ಸುಮಾರು ಶೇ. 5ರಷ್ಟಿರುವ ವಾಣಿಜ್ಯ ವಾಹನಗಳು ವಾಹನ ಮಾಲಿನ್ಯದ ಶೇ. 65–70ರಷ್ಟಕ್ಕೆ ಕಾರಣ ಎಂಬುದು ಸಚಿವಾಲಯದ ಅಂದಾಜು.

ನ್ಯಾಯದ ಪ್ರಶ್ನೆಗಳು

ವಯಸ್ಸು ಮತ್ತು ಓಟ: ಕಾರಿಗೆ ಐದು ವರ್ಷಕ್ಕೆ 500 ರೂಪಾಯಿ ಎಂದರೆ ವರ್ಷಕ್ಕೆ 100 ರೂಪಾಯಿ. ವಾರಕ್ಕೊಮ್ಮೆ ಪೇಟೆಗೆ ಬರುವ ಹಳೆಯ ಕಾರಿಗೂ ದಿನವಿಡೀ ಓಡುವ ಹಳೆಯ ಕಾರಿಗೂ ದರ ಒಂದೇ. ಹೊಸ ದೊಡ್ಡ ಡೀಸೆಲ್ ಕಾರು ಎಷ್ಟು ಓಡಿದರೂ ಈ ತೆರಿಗೆಯ ವ್ಯಾಪ್ತಿಗೆ ಬರುವುದಿಲ್ಲ.

ಕಟ್ಟುವ ಶಕ್ತಿ: ಹಳೆಯ ವಾಹನಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಕಡಿಮೆ ಆದಾಯದವರ ಬಳಿ ಉಳಿಯುತ್ತವೆ. ದರ ಸಣ್ಣದಾದರೆ ಯಾರೂ ವಾಹನ ಬದಲಿಸುವುದಿಲ್ಲ. ದೊಡ್ಡದಾದರೆ ಬದಲಿಸಲು ಶಕ್ತಿಯಿಲ್ಲದವರಿಗೇ ಪೆಟ್ಟು ಬೀಳುತ್ತದೆ.

ವಿನಾಯಿತಿಯ ಲಾಭ: ಕರ್ನಾಟಕವು ವಿದ್ಯುತ್ ವಾಹನಗಳಿಗೆ 2016ರಲ್ಲಿ ತೆರಿಗೆ ವಿನಾಯಿತಿ ನೀಡಿತು. ದುಬಾರಿ ಕಾರುಗಳಿಗೂ ಇದು ದೊರೆಯುತ್ತಿದ್ದುದರಿಂದ, 2024ರಲ್ಲಿ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ಶೇ. 10ರ ಆಜೀವ ತೆರಿಗೆ ವಿಧಿಸಲಾಯಿತು.

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ

ಈ ಮೂರು ತಾಲೂಕು ಕೇಂದ್ರಗಳೂ ಹೆದ್ದಾರಿಗಳ ಮೇಲಿವೆ. ಬಂಟ್ವಾಳದ ಬಿ.ಸಿ. ರೋಡ್ ಮೂಲಕ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ದಾಟಿ ಬೆಂಗಳೂರಿನತ್ತ ಹೋಗುತ್ತದೆ. ಪಣಂಬೂರಿನ ನವಮಂಗಳೂರು ಬಂದರಿನ ಲಾರಿ ಮತ್ತು ಟ್ಯಾಂಕರ್‌ಗಳು ಇದೇ ದಾರಿಯನ್ನು ಬಳಸುತ್ತವೆ. ಬೆಳ್ತಂಗಡಿಯು ಚಾರ್ಮಾಡಿ ಘಾಟಿಯತ್ತ ಸಾಗುವ ಹೆದ್ದಾರಿ 73ರಲ್ಲಿದ್ದು, ಧರ್ಮಸ್ಥಳದ ಯಾತ್ರಿಕರ ವಾಹನಗಳೂ ಈ ತಾಲೂಕಿಗೆ ಬರುತ್ತವೆ. ಮೂಡುಬಿದಿರೆ ಮಂಗಳೂರು–ಶಿವಮೊಗ್ಗ ಹೆದ್ದಾರಿ 169ರಲ್ಲಿದೆ.

ಮುಂಗಾರಿನ ಭಾರಿ ಮಳೆ ಇಲ್ಲಿನ ಗಾಳಿಯ ಕಣಗಳನ್ನು ತೊಳೆಯುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಹೊಗೆಯೊಂದಿಗೆ ರಸ್ತೆಯ ದೂಳೂ ಸೇರುತ್ತದೆ, ಬಿ.ಸಿ. ರೋಡ್–ಅಡ್ಡಹೊಳೆ ಚತುಷ್ಪಥ ಕಾಮಗಾರಿಯ ವೇಳೆ ಕಲ್ಲಡ್ಕದಲ್ಲಿ ದೂಳು ಸಾರ್ವಜನಿಕ ದೂರಿನ ವಿಷಯವಾಗಿತ್ತು. ಇಂತಹ ದೂಳನ್ನು ಯಾವ ವಾಹನ ತೆರಿಗೆಯೂ ತಡೆಯಲಾರದು.

ಬಂಟ್ವಾಳದ ಸಾರಿಗೆ ಕಚೇರಿಯಲ್ಲಿ (ಕೆಎ-70) ನೋಂದಣಿಯಾದ ಹಳೆಯ ಆಟೊರಿಕ್ಷಾ ಹಸಿರು ತೆರಿಗೆ ಕಟ್ಟುತ್ತದೆ. ಬೇರೆ ರಾಜ್ಯದಲ್ಲಿ ನೋಂದಣಿಯಾಗಿ ಬಿ.ಸಿ. ರೋಡ್ ಮೂಲಕ ಹಾದುಹೋಗುವ ಹಳೆಯ ಲಾರಿಯ ಹೊಗೆ ಇಲ್ಲಿಯೇ ಉಳಿದರೂ ಅದರ ತೆರಿಗೆ ಅದರ ಸ್ವಂತ ರಾಜ್ಯಕ್ಕೆ ಸಲ್ಲುತ್ತದೆ. ಸಮೀಪದ ಬ್ರಹ್ಮರಕೂಟ್ಲು ಟೋಲ್‌ನಲ್ಲಿಯೂ ಶುಲ್ಕವು ವಾಹನದ ವರ್ಗವನ್ನು ಅವಲಂಬಿಸಿದೆಯೇ ಹೊರತು ಹೊಗೆಯನ್ನಲ್ಲ.

2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಅಡಿಯಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ಮಾತ್ರ ಆಯ್ಕೆಯಾಗಿವೆ. ಹೀಗಾಗಿ ಈ ಪಟ್ಟಣಗಳ ಜನರು ತೆರಿಗೆ ಕಟ್ಟಿದರೂ ಆ ಕಾರ್ಯಕ್ರಮದ ಅನುದಾನ ಇಲ್ಲಿಗೆ ಬರುವುದಿಲ್ಲ. ಪರ್ಯಾಯ ಸಾರಿಗೆಯ ಲಭ್ಯತೆಯೂ ಮುಖ್ಯ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಸೀಮಿತ. ಕರಾವಳಿಯ ಅನೇಕ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳು.

ಇತರೆಡೆಯ ವಿಧಾನಗಳು

ಸುಪ್ರೀಂ ಕೋರ್ಟಿನ ಆದೇಶದಂತೆ 2015ರ ನವೆಂಬರ್‌ನಿಂದ ದೆಹಲಿಯನ್ನು ಪ್ರವೇಶಿಸುವ ಸರಕು ವಾಹನಗಳಿಗೆ ಪರಿಸರ ಪರಿಹಾರ ಶುಲ್ಕ ವಿಧಿಸಲಾಯಿತು. ಇದರಲ್ಲಿ ವಾಹನದ ನೋಂದಣಿ ಎಲ್ಲಿಯದಾದರೂ ಶುಲ್ಕ ತಪ್ಪುವುದಿಲ್ಲ. ಲಂಡನ್ನಿನಲ್ಲಿ 2019ರಲ್ಲಿ ಆರಂಭವಾಗಿ 2023ರಲ್ಲಿ ನಗರದಾದ್ಯಂತ ವಿಸ್ತರಿಸಿದ ಕಡಿಮೆ ಹೊಗೆಯ ವಲಯದಲ್ಲಿ ಹೊಗೆಯ ಮಾನದಂಡ ಪೂರೈಸದ ವಾಹನಗಳು ಓಡಿಸಿದ ದಿನಕ್ಕೆ ಮಾತ್ರ ಶುಲ್ಕ ಕಟ್ಟುತ್ತವೆ. ಅಲ್ಲಿ ಹಳೆಯ ವಾಹನವನ್ನು ಗುಜರಿಗೆ ಹಾಕುವವರಿಗೆ ಸಹಾಯಧನವನ್ನೂ ನೀಡಲಾಯಿತು. ಭಾರತದ 2021ರ ಗುಜರಿ ನೀತಿಯಲ್ಲಿ ಹಳೆಯ ವಾಹನ ಬಿಟ್ಟು ಹೊಸದನ್ನು ಕೊಳ್ಳುವವರಿಗೆ ಸ್ವಂತ ವಾಹನವಾದರೆ ಶೇ. 25ರವರೆಗೆ, ಸಾರಿಗೆ ವಾಹನವಾದರೆ ಶೇ. 15ರವರೆಗೆ ತೆರಿಗೆ ರಿಯಾಯಿತಿಗೆ ಅವಕಾಶವಿದೆ. ಆದರೆ ಹೊಸ ವಾಹನ ಕೊಳ್ಳಲಾಗದವರಿಗೆ ಈ ರಿಯಾಯಿತಿ ದೊರೆಯುವುದಿಲ್ಲ.